ಖಳನಾಯಕಿಗೊಂದು ಕಾಲ

ಅರಮನೆಯಂಥ ಶಾಲೆಯಲ್ಲಿ ಬೀಳ್ಕೊಡುಗೆಯ ಔತಣ. ಸಂಗೀತ ಥಟ್ಟನೆ ನಿಲ್ಲುತ್ತದೆ. ಯುವರಾಜ ಸಭೆಯ ನಡುವೆ ನಿಂತು, ತನಗೆ ಗೊತ್ತುಮಾಡಿದ್ದ ಡ್ಯೂಕ್ ಮನೆತನದ ಹುಡುಗಿಯತ್ತ ಬೆರಳು ತೋರಿಸಿ, ಈ ನಿಶ್ಚಿತಾರ್ಥ ಮುರಿದುಬಿತ್ತು ಎಂದು ಸಾರುತ್ತಾನೆ. ಅವನ ತೋಳು ಹಿಡಿದು ನಿಂತವಳು ಗುಲಾಬಿ ಬಣ್ಣದ ಕೂದಲಿನ ಬಡಹುಡುಗಿ. ಇವಳ ಪುಸ್ತಕ ಹರಿದೆ, ಇವಳನ್ನು ಮೆಟ್ಟಿಲಿನಿಂದ ನೂಕಿದೆ ಎಂದು ಅವನು ಒಂದೊಂದಾಗಿ ಆರೋಪ ಹೊರಿಸುತ್ತಾನೆ. ಡ್ಯೂಕ್‌ನ ಮಗಳು ಬೀಸಣಿಗೆ ಬಿಚ್ಚಿ ತುಟಿ ಮರೆಮಾಡಿಕೊಂಡು ನಗುತ್ತಾಳೆ.

ಜಪಾನಿನ ಫ್ಯಾಂಟಸಿ ಪ್ರೇಮಕಥೆಗಳ ‘ಲೈಟ್ ನಾವೆಲ್’ ಎಂಬ ಜನಪ್ರಿಯ ಕಾದಂಬರಿಗಳನ್ನು ಓದುವವರಿಗೆ ಈ ದೃಶ್ಯ ಬಾಯಿಪಾಠವಾಗಿದೆ. ರಾಜಕುಮಾರನ ಹೆಸರು ಬದಲಾಗುತ್ತದೆ, ಬೀಸಣಿಗೆಯ ಬಣ್ಣ ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಇದರ ನಡುವೆ ನಿಂತಿರುವ ‘ಅಕುಯಾಕು ರೇಜೋ’, ಅಂದರೆ ಸಿರಿವಂತ ಮನೆಯ ಖಳನಾಯಕಿ, ಎಲ್ಲಿಂದ ಬಂದಳು?

ಅವಳ ರೂಪ ಬಂದದ್ದು ಎಪ್ಪತ್ತರ ದಶಕದ ಹುಡುಗಿಯರ ಮಾಂಗಾಗಳಿಂದ, ಅಂದರೆ ಚಿತ್ರಕಥೆಗಳಿಂದ. 1972ರಲ್ಲಿ ಶುರುವಾದ ರಿಯೋಕೊ ಇಕೆಡಾ ಅವರ ‘ದ ರೋಸ್ ಆಫ್ ವರ್ಸೈಲ್ಸ್’ ಫ್ರೆಂಚ್ ಅರಮನೆಯ ವೈಭವವನ್ನು ಜಪಾನಿನ ಹುಡುಗಿಯರ ಕಣ್ಮುಂದೆ ತಂದಿತು. 1975ರಲ್ಲಿ ಬಂದ ‘ಕ್ಯಾಂಡಿ ಕ್ಯಾಂಡಿ’ಯಲ್ಲಿ ಎಲೈಜಾ ಎಂಬ ಹುಡುಗಿಯಿದ್ದಾಳೆ. ಸುರುಳಿ ಸುರುಳಿಯಾಗಿ ಇಳಿಬಿಟ್ಟ ಕೂದಲು, ಶ್ರೀಮಂತಿಕೆಯ ಜಂಬ. ಅನಾಥೆ ಕ್ಯಾಂಡಿಯ ಮೇಲೆ ಕಳ್ಳತನದ ಆರೋಪ ಬರುವಂತೆ ಸಂಚು ಮಾಡುವವಳೇ ಅವಳು. ಎಲೈಜಾ ಯಾಕೆ ಹಾಗಾದಳು ಎಂದು ಆ ಕಾಲದ ಕಥೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ನಾಯಕಿಯ ಒಳ್ಳೆಯತನ ಎದ್ದು ಕಾಣಲು ಅವಳ ಕೆಟ್ಟತನ ಬೇಕಿತ್ತು, ಅಷ್ಟೇ.

1994ರಲ್ಲಿ ಕೋಯೆ ಕಂಪನಿ ‘ಆಂಜೆಲೀಕ್’ ಎಂಬ ವಿಡಿಯೊ ಗೇಮ್ ತಂದಿತು. ಹುಡುಗಿಯರಿಗಾಗಿಯೇ ಮಾಡಿದ ‘ಒತೋಮೆ’ ಪ್ರೇಮ ಆಟಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಅದರಲ್ಲಿ ನಾಯಕಿಯ ಎದುರಾಳಿ ರೊಸಾಲಿಯಾ. ಹಮ್ಮು ಇದೆ, ಮನಸ್ಸು ಒಳ್ಳೆಯದು. ಸಭೆಯಲ್ಲಿ ಅವಮಾನ ಮಾಡಿಸಿಕೊಂಡು ಗಡೀಪಾರಾಗುವ ಖಳನಾಯಕಿ ನಿಜವಾದ ಒತೋಮೆ ಆಟಗಳಲ್ಲಿ ಸಿಗುವುದೇ ಅಪರೂಪ. ಕಾದಂಬರಿಕಾರರು ಹಳೆಯ ಮಾಂಗಾದ ಹುಡುಗಿಯನ್ನು ತಂದು, ತಾವೇ ಕಲ್ಪಿಸಿಕೊಂಡ ಆಟದೊಳಗೆ ಕೂರಿಸಿದರು.

ಹಾಗೆ ಕೂರಿಸಲು ಜಾಗ ಕೊಟ್ಟದ್ದು 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ಜಾಲತಾಣ. ಯಾರು ಬೇಕಾದರೂ ಅಲ್ಲಿ ಕಾದಂಬರಿಯನ್ನು ಕಂತು ಕಂತಾಗಿ ಹಾಕಬಹುದು. ಓದುಗರು ಅಂಕ ಕೊಡುತ್ತಾರೆ, ರ‍್ಯಾಂಕಿಂಗ್ ಪಟ್ಟಿ ದಿನದಿನವೂ ಬದಲಾಗುತ್ತದೆ, ಮೇಲೇರಿದ ಕಥೆ ಪ್ರಕಾಶಕರ ಕಣ್ಣಿಗೆ ಬೀಳುತ್ತದೆ. ಪಟ್ಟಿಯಲ್ಲಿ ಮೊದಲು ಕಾಣುವುದು ಶೀರ್ಷಿಕೆ. ಹಾಗಾಗಿ ಶೀರ್ಷಿಕೆಯೇ ಕಥಾಸಾರವಾಗಿ ಉದ್ದವಾಯಿತು. ಮೊದಲ ಕಂತಿನಲ್ಲೇ ಓದುಗರನ್ನು ಹಿಡಿದಿಡಬೇಕಾದ ಲೇಖಕರಿಗೆ, ಪರಿಚಯವೇ ಬೇಡದ ಪಾತ್ರ ವರವಾಗಿ ಒದಗಿತು.

2014ರಲ್ಲಿ ಸಾತೊರು ಯಾಮಾಗುಚಿ ಅಲ್ಲಿ ಬರೆಯತೊಡಗಿದ ‘ಮೈ ನೆಕ್ಸ್ಟ್ ಲೈಫ್ ಆ್ಯಸ್ ಎ ವಿಲನೆಸ್’ ಈ ಪಾತ್ರವನ್ನು ಮನೆಮಾತಾಗಿಸಿತು. ಎಂಟು ವರ್ಷದ ಕತರೀನಾ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಾಗ ಹಿಂದಿನ ಜನ್ಮ ನೆನಪಾಗುತ್ತದೆ. ತಾನಿರುವುದು ಆಗ ಆಡಿದ್ದ ಗೇಮಿನೊಳಗೆ, ಅದೂ ಖಳನಾಯಕಿಯಾಗಿ! ಮುಂದಿರುವುದು ಗಡೀಪಾರು, ಇಲ್ಲವೇ ಸಾವು. ಅವಳು ಅಳುತ್ತ ಕೂರುವುದಿಲ್ಲ. ದೇಶ ಬಿಡಬೇಕಾಗಿ ಬಂದರೆ ಹೊಟ್ಟೆಪಾಡಿಗಿರಲಿ ಎಂದು ಗುದ್ದಲಿ ಹಿಡಿದು ತರಕಾರಿ ಬೆಳೆಯುತ್ತಾಳೆ. ರಾಜಕುಮಾರ ಹಾವಿಗೆ ಹೆದರುತ್ತಾನೆಂದು ಗೊತ್ತಾಗಿ ಆಟಿಕೆಯ ಹಾವು ಮಾಡಿಟ್ಟುಕೊಳ್ಳುತ್ತಾಳೆ. ಕೊನೆಗೆ ಎದುರಾಳಿಯಾಗಬೇಕಿದ್ದ ಗೇಮಿನ ನಾಯಕಿ ಮರಿಯಾಳೇ ಗೆಳತಿಯಾಗುತ್ತಾಳೆ. ಇಲ್ಲಿ ಕೆಟ್ಟವರೆಂದು ಯಾರ ಹಣೆಯಲ್ಲೂ ಬರೆದಿಲ್ಲ. ಈ ಕಥೆಯ ದೊಡ್ಡತನ ಇರುವುದೇ ಅಲ್ಲಿ.

ಆಮೇಲೆ ಹೊಳೆಯೇ ಹರಿಯಿತು. ಕತರೀನಾಳಂತೆ ಬೇರೆ ಲೋಕದಲ್ಲಿ ಮರುಹುಟ್ಟು ಪಡೆಯುವವರ ಕಥೆಗಳು ಎಷ್ಟು ತುಂಬಿಕೊಂಡವೆಂದರೆ, 2016ರಲ್ಲಿ ನಾರೋ ಅವುಗಳಿಗೆ ಪ್ರತ್ಯೇಕ ರ‍್ಯಾಂಕಿಂಗ್ ಪಟ್ಟಿಯನ್ನೇ ಮಾಡಬೇಕಾಯಿತು. ಕೊರಿಯಾದ ವೆಬ್ ಕಾದಂಬರಿಗಳೂ ವೆಬ್‌ಟೂನ್‌ಗಳೂ ಖಳನಾಯಕಿಯನ್ನು ತಮ್ಮವಳನ್ನಾಗಿ ಮಾಡಿಕೊಂಡವು.

ನನ್ನ ತಕರಾರು ಪುನರಾವರ್ತನೆಯ ಬಗ್ಗೆ ಅಲ್ಲ. ಜನಪ್ರಿಯ ಕಥೆ ಎಲ್ಲ ಕಾಲದಲ್ಲೂ ಅಚ್ಚಿನ ಪಾತ್ರಗಳಿಂದಲೇ ಬದುಕಿದೆ. ನೋವಿನ ಮಾತೆಂದರೆ, ನ್ಯಾಯ ಕೇಳಲು ಬಂದ ಕಥೆಯೇ ಅನ್ಯಾಯ ಮಾಡತೊಡಗಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವ ಹಾಗೆ, ಡ್ಯೂಕ್‌ನ ಮಗಳು ಒಳ್ಳೆಯವಳಾದ ಕೂಡಲೇ ಬಡಹುಡುಗಿ ಕೆಟ್ಟವಳಾದಳು. ಎಷ್ಟೋ ಕಥೆಗಳಲ್ಲಿ ಈಗ ಅವಳೇ ಸುಳ್ಳಿ, ಸಂಚುಗಾರ್ತಿ, ರಾಜಕುಮಾರನಿಗೆ ಬಲೆ ಬೀಸುವವಳು. ಅವಳಿಗೆ ತಕ್ಕ ಶಾಸ್ತಿಯಾದಾಗ ಓದುಗರು ಚಪ್ಪಾಳೆ ತಟ್ಟುತ್ತಾರೆ. ಮನೆತನ, ಹಣ, ವಿದ್ಯೆ ಎಲ್ಲ ಇದ್ದವಳಿಗೇ ಒಳ್ಳೆಯತನವೂ ಸೇರುತ್ತದೆ. ಏನೂ ಇಲ್ಲದೆ ಮೇಲೆ ಬರಲು ಹೊರಟವಳು ಅಪರಾಧಿಯಾಗುತ್ತಾಳೆ. ಎಲೈಜಾಳ ಬಗ್ಗೆ ಕೇಳದ ಪ್ರಶ್ನೆಯನ್ನು ಇವಳ ಬಗ್ಗೆಯೂ ಯಾರೂ ಕೇಳುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. 2018ರಲ್ಲಿ ಇನೋರಿ ಎಂಬ ಕಾವ್ಯನಾಮದಲ್ಲಿ ಶುರುವಾದ ‘ಐಯಾಮ್ ಇನ್ ಲವ್ ವಿತ್ ದ ವಿಲನೆಸ್’ನಲ್ಲಿ ಸಾಮಾನ್ಯ ಮನೆಯ ರೇ, ಸಿರಿವಂತೆ ಕ್ಲೇರ್‌ಳನ್ನು ಪ್ರೀತಿಸುತ್ತಾಳೆ. ಅದೇ ಶಾಲೆ, ಅದೇ ಸುರುಳಿ ಕೂದಲು. ಆದರೆ ಹೊರಗೆ ಬಡವರು ಹಸಿದಿದ್ದಾರೆಂಬುದನ್ನು ಕಥೆ ಮರೆಯುವುದಿಲ್ಲ, ಕ್ಲೇರ್ ಕೂಡ ಅದನ್ನು ಕಣ್ಣಾರೆ ಕಂಡು ಬದಲಾಗುತ್ತಾಳೆ. ಅಚ್ಚು ಹಳೆಯದಾದರೂ ಅದರೊಳಗೆ ಮನುಷ್ಯರನ್ನು ತುಂಬಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕಥೆಗಳನ್ನು ಓದಬೇಡಿ ಎಂದು ನಾನು ಹೇಳಲಾರೆ. ನನಗೂ ಅವು ಇಷ್ಟ. ಮುಂದಿನ ಸಲ ಔತಣದ ದೃಶ್ಯ ಬಂದಾಗ, ಗುಲಾಬಿ ಕೂದಲಿನ ಹುಡುಗಿಗೆ ತನ್ನ ಮಾತು ಹೇಳಲು ಒಂದು ಪುಟವಾದರೂ ಸಿಕ್ಕಿದೆಯೇ ನೋಡಿ. ಸಿಕ್ಕಿದ್ದರೆ ಆ ಲೇಖಕರಿಗೆ ನಿಮ್ಮ ಅಂಕ ಕೊಡಿ. ಪಟ್ಟಿ ಏರುವುದೂ ಇಳಿಯುವುದೂ ಓದುಗರ ಕೈಯಲ್ಲೇ ಇದೆ.