ಭಾವಿ ವೈದ್ಯರ ದೃಷ್ಟಿಯಲ್ಲಿ ಮನೋರೋಗಿ

ಮನೋರೋಗಕ್ಕೆ ಒಳಗಾದವರನ್ನು ಸಮಾಜವು ಕಾಣುವ ಬಗೆಯನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅವರಿಗೆ ಚಿಕಿತ್ಸೆ ನೀಡಬೇಕಾದ ವೈದ್ಯರು ಅವರನ್ನು ಹೇಗೆ ಕಾಣುತ್ತಾರೆ, ಆ ದೃಷ್ಟಿಯು ವ್ಯಾಸಂಗದ ಅವಧಿಯಲ್ಲಿ ಹೇಗೆ ರೂಪುಗೊಳ್ಳುತ್ತದೆ ಎಂಬುದು ಜನಸಾಮಾನ್ಯರ ಗಮನಕ್ಕೆ ಬರುವುದು ಕಡಿಮೆ. ನಮ್ಮ ದೇಶದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲವಾದ್ದರಿಂದ, ಬಹುಪಾಲು ಮನೋರೋಗಿಗಳು ಮೊದಲು ಎದುರಾಗುವುದು ಎಂ.ಬಿ.ಬಿ.ಎಸ್. ಪದವಿ ಪಡೆದ ಸಾಮಾನ್ಯ ವೈದ್ಯರಿಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ಚಿಕಿತ್ಸೆ ಅಗತ್ಯವಿದ್ದೂ ಅದು ದೊರೆಯದವರ ಪ್ರಮಾಣವು ರೋಗಕ್ಕೆ ಅನುಸಾರವಾಗಿ ಶೇ. 70ರಿಂದ 92ರವರೆಗೆ ಇತ್ತು. ಈ ಅಂತರವು ಔಷಧಿಯ ಕೊರತೆಯಿಂದ ಮಾತ್ರವೇ ಉಂಟಾದುದಲ್ಲ.

ಹದಿನೆಂಟರ ಹರೆಯದಲ್ಲಿ ವೈದ್ಯಕೀಯ ಕಾಲೇಜನ್ನು ಪ್ರವೇಶಿಸುವ ವಿದ್ಯಾರ್ಥಿಯು ತನ್ನ ಊರು, ಮನೆ ಮತ್ತು ಚಲನಚಿತ್ರಗಳಿಂದ ಪಡೆದ ಕಲ್ಪನೆಗಳನ್ನು ಜೊತೆಗೇ ತಂದಿರುತ್ತಾನೆ. ಮನೋರೋಗಿ ಅಪಾಯಕಾರಿ, ಯಾವಾಗ ಏನು ಮಾಡುವನೆಂದು ಹೇಳಲಾಗದು, ಕಾಯಿಲೆ ಎಂದಿಗೂ ವಾಸಿಯಾಗದು ಎಂಬುವು ಇಂಥ ಕಲ್ಪನೆಗಳು. ಇವುಗಳನ್ನು ಅಳೆಯಲು ಸಂಶೋಧಕರು ಅನುಸರಿಸುವ ಒಂದು ಕ್ರಮ ಸರಳವಾದುದು. ಸ್ಕಿಜೋಫ್ರೀನಿಯಾದಿಂದ ಚೇತರಿಸಿಕೊಂಡ ವ್ಯಕ್ತಿಯೊಬ್ಬನನ್ನು ವರ್ಣಿಸಿ, ಅವನೊಡನೆ ಕೆಲಸ ಮಾಡುವಿರಾ, ಅವನಿಗೆ ಮನೆಯನ್ನು ಬಾಡಿಗೆಗೆ ಕೊಡುವಿರಾ, ಅವನ ಮನೆತನದೊಡನೆ ವಿವಾಹ ಸಂಬಂಧ ಬೆಳೆಸುವಿರಾ ಎಂದು ಕ್ರಮವಾಗಿ ಪ್ರಶ್ನಿಸಲಾಗುತ್ತದೆ. ಸಂಬಂಧವು ನಿಕಟವಾದಂತೆಲ್ಲ ಒಪ್ಪಿಗೆಯು ಕ್ಷೀಣಿಸುವುದು ಸಾಮಾನ್ಯ. ಪಾಠ ಕೇಳಿದ ನಂತರ ರೋಗದ ಬಗೆಗಿನ ತಿಳಿವಳಿಕೆ ಹೆಚ್ಚುತ್ತದೆಯಾದರೂ ದೂರವಿರಬೇಕೆಂಬ ಬಯಕೆ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮನೋರೋಗವು ಮೆದುಳಿನ ಕಾಯಿಲೆ ಎಂದು ವಿವರಿಸಿದಾಗ ರೋಗಿಯನ್ನು ದೂಷಿಸುವ ಪ್ರವೃತ್ತಿ ತಗ್ಗುತ್ತದೆ. ಆದರೆ ಮೆದುಳೇ ಕೆಟ್ಟಿದ್ದರೆ ಗುಣವಾಗುವುದೆಂತು ಎಂಬ ನಿರಾಶೆಯೂ ಜೊತೆಗೇ ಹುಟ್ಟುತ್ತದೆ.

ವಿದ್ಯಾರ್ಥಿಯು ಮನೋರೋಗಿಯನ್ನು ಎಲ್ಲಿ, ಯಾವ ಸ್ಥಿತಿಯಲ್ಲಿ ಕಾಣುತ್ತಾನೆ ಎಂಬುದು ಇಲ್ಲಿ ಬಹು ಮುಖ್ಯ. ಮದರಾಸು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಿಲ್ಪಾಕ್‌ನ ಮಾನಸಿಕ ಆರೋಗ್ಯ ಸಂಸ್ಥೆಗೂ, ಹೈದರಾಬಾದಿನ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನವರು ಎರ್ರಗಡ್ಡದ ಆಸ್ಪತ್ರೆಗೂ ತರಬೇತಿಗಾಗಿ ಹೋಗುತ್ತಾರೆ. ಅಂಥ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಕಾಣಸಿಗುವವರು ಕಾಯಿಲೆ ಉಲ್ಬಣಿಸಿದವರು, ಇಲ್ಲವೇ ಮನೆಯವರು ಕೈಬಿಟ್ಟವರು. ಗುಣಮುಖನಾಗಿ ಅಂಗಡಿ ನಡೆಸುತ್ತಿರುವವನಾಗಲಿ, ಮಾತ್ರೆ ಸೇವಿಸುತ್ತಲೇ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಯಾಗಲಿ ಅಲ್ಲಿ ಕಾಣುವುದಿಲ್ಲ. ಮೂಳೆ ಮುರಿದವನು ನಡೆದು ಹೋಗುವುದನ್ನು ವಿದ್ಯಾರ್ಥಿ ನೋಡುತ್ತಾನೆ. ಮನಸ್ಸು ಸರಿಹೋದವನು ತನ್ನ ಬೀದಿಗೆ ಮರಳಿ ಬಾಳುವುದನ್ನು ಅವನು ನೋಡುವುದೇ ಇಲ್ಲ. ಹೀಗಾಗಿ ಮನೋವೈದ್ಯಕೀಯ ವಿಭಾಗದಲ್ಲಿ ಕಳೆದ ಕೆಲವು ವಾರಗಳು ಹಳೆಯ ಭಯವನ್ನು ತೊಡೆಯುವ ಬದಲು ದೃಢಪಡಿಸುವ ಸಂಭವವೂ ಉಂಟು.

ಇದಕ್ಕೆ ಬೇರೆ ಮಾರ್ಗವಿಲ್ಲವೆಂದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಕುಟುಂಬದವರನ್ನು ಅವರೊಡನೆಯೇ ಇರಿಸಿಕೊಂಡರು. ತಾಯಿಯ ಪಕ್ಕದಲ್ಲಿ ಕುಳಿತು ರೊಟ್ಟಿ ತಿನ್ನುವ ಮಗನನ್ನು ಕಂಡವರಿಗೆ ಅವನು ಬರಿಯ ರೋಗಿಯಾಗಿ ತೋರುವುದು ಕಷ್ಟ. ಮಂಗಳೂರಿನಲ್ಲಿ ಜನಿಸಿದ ಡಾ. ಶಾರದಾ ಮೆನನ್ ಅವರು 1961ರಲ್ಲಿ ಕಿಲ್ಪಾಕ್ ಆಸ್ಪತ್ರೆಯ ಮುಖ್ಯಸ್ಥರಾಗಿ, ಹೊರರೋಗಿ ವಿಭಾಗವನ್ನು ಬೆಳೆಸಿದರು. 1984ರಲ್ಲಿ ಚೆನ್ನೈನಲ್ಲಿ ಸ್ಕಾರ್ಫ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಮನೋರೋಗಿಯನ್ನು ಗೋಡೆಗಳ ಹೊರಗೆ, ದುಡಿಯುವ ಮನುಷ್ಯನಾಗಿ ಕಾಣಬಹುದೆಂಬುದಕ್ಕೆ ಇಂಥ ಸಂಸ್ಥೆಗಳೇ ನಿದರ್ಶನ. ಚೇತರಿಸಿಕೊಂಡವರು ತಾವಾಗಿ ತಮ್ಮ ಅನುಭವವನ್ನು ಹೇಳುವುದನ್ನು ಕೇಳಿದ ವಿದ್ಯಾರ್ಥಿಗಳ ಮನೋಭಾವವು ಮೃದುವಾಗುತ್ತದೆ ಎಂದು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಆದರೆ ಒಂದೇ ಸಲದ ಭೇಟಿಯ ಪರಿಣಾಮವು ತಿಂಗಳುಗಳು ಕಳೆದಂತೆ ಮಾಸಿಹೋಗುತ್ತದೆ.

ಮನೋಭಾವದ ಬೆಲೆಯನ್ನು ರೋಗಿಯು ತನ್ನ ದೇಹದಿಂದ ತೆರಬೇಕಾಗುತ್ತದೆ. ತೀವ್ರ ಮನೋರೋಗವುಳ್ಳವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾವನ್ನಪ್ಪುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇವುಗಳಲ್ಲಿ ಬಹುಪಾಲು ಸಾವುಗಳಿಗೆ ಹೃದ್ರೋಗ, ಸೋಂಕು ಮುಂತಾದ ದೈಹಿಕ ಕಾಯಿಲೆಗಳೇ ಕಾರಣ. ಬಡತನ, ಧೂಮಪಾನ ಮತ್ತು ಕೆಲವು ಔಷಧಿಗಳ ಅಡ್ಡಪರಿಣಾಮಗಳ ಜೊತೆಗೆ, ರೋಗಿಯ ಮಾತನ್ನು ವೈದ್ಯರು ನಂಬದಿರುವುದೂ ಇದರಲ್ಲಿ ಸೇರಿದೆ. ಕಡತದ ಮೇಲೆ ಮನೋರೋಗದ ಹೆಸರು ಇದ್ದರೆ, ಎದೆನೋವು ಎಂದವನ ಎದೆಯನ್ನು ಪರೀಕ್ಷಿಸುವ ಮೊದಲೇ ಅದು ಅವನ ಭ್ರಮೆಯೆಂದು ತೀರ್ಮಾನವಾಗಿಬಿಡಬಹುದು. ತುರ್ತು ಚಿಕಿತ್ಸಾ ಕೊಠಡಿಗಳಲ್ಲಿ ಮೂರ್ಛೆ ಬಂದಂತೆ ಬೀಳುವ ಯುವತಿಯನ್ನು ‘ಫಂಕ್ಷನಲ್’ ಎಂದು ಕರೆದು, ಆಕೆ ನಾಟಕವಾಡುತ್ತಿರುವಳೆಂದು ನಗುವ ರೂಢಿಯನ್ನು ಕಿರಿಯರು ಹಿರಿಯರಿಂದಲೇ ಕಲಿಯುತ್ತಾರೆ. ಯಾವ ಪಠ್ಯಪುಸ್ತಕದಲ್ಲಿಯೂ ಈ ಪಾಠವಿಲ್ಲ; ಆದರೂ ಇದನ್ನು ಕಲಿಯದೆ ಉಳಿಯುವವರು ವಿರಳ.

ಪಠ್ಯಕ್ರಮದಲ್ಲಿ ಮನೋವೈದ್ಯಶಾಸ್ತ್ರಕ್ಕೆ ದೊರೆತ ಸ್ಥಾನವೂ ಒಂದು ಸಂದೇಶವನ್ನು ನೀಡುತ್ತದೆ. 1997ರ ನಿಯಮಾವಳಿಯಲ್ಲಿ ಇದರ ಪ್ರಾಯೋಗಿಕ ತರಬೇತಿಗೆ ಮೀಸಲಾಗಿದ್ದ ಅವಧಿ ಎರಡು ವಾರ ಮಾತ್ರ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ಬೋಧನೆಯು ವಿಸ್ತಾರಗೊಂಡಿದೆ. ವೈದ್ಯರ ನಡವಳಿಕೆ, ನೀತಿ ಹಾಗೂ ಸಂವಹನವನ್ನು ಕುರಿತ ಪ್ರತ್ಯೇಕ ಭಾಗ ಸೇರಿದೆ. ಇಂಟರ್ನ್‌ಶಿಪ್ ಅವಧಿಯಲ್ಲಿ ಎರಡು ವಾರಗಳ ಮನೋವೈದ್ಯಕೀಯ ಸೇವೆ ಕಡ್ಡಾಯವಾಗಿದೆ. ಆದರೆ ಅಂತಿಮ ಪರೀಕ್ಷೆಯಲ್ಲಿ ಈ ವಿಷಯವು ಇಂದಿಗೂ ಸಾಮಾನ್ಯ ವೈದ್ಯಶಾಸ್ತ್ರದ ಅಂಗವೇ ಹೊರತು ಪ್ರತ್ಯೇಕ ಪತ್ರಿಕೆಯಲ್ಲ. ಬೇರೆಯಾಗಿ ತೇರ್ಗಡೆಯಾಗಬೇಕಿಲ್ಲದ ವಿಷಯವನ್ನು ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಓದುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ.

ಇದೇ ಕಳಂಕವು ವಿದ್ಯಾರ್ಥಿಗೂ ತಿರುಗುಬಾಣವಾಗುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು 2024ರಲ್ಲಿ ನೀಡಿದ ವರದಿಯಂತೆ, ಸಮೀಕ್ಷೆಗೆ ಉತ್ತರಿಸಿದ ಪದವಿ ವಿದ್ಯಾರ್ಥಿಗಳಲ್ಲಿ ಶೇ. 27.8 ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 15.3 ಮಂದಿ ತಮಗೆ ಮಾನಸಿಕ ತೊಂದರೆ ಇದೆಯೆಂದು ತಿಳಿಸಿದ್ದಾರೆ. ಸ್ವಇಚ್ಛೆಯಿಂದ ಉತ್ತರಿಸಿದವರ ಅಂಕಿಗಳಾದ್ದರಿಂದ ಇವುಗಳನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಮನೋರೋಗಿಯನ್ನು ಕಂಡು ನಗುವ ಗುಂಪಿನಲ್ಲಿಯೇ ನಿದ್ರೆಯಿಲ್ಲದೆ ಕೊರಗುವ ಸಹಪಾಠಿಯೂ ನಿಂತಿರುತ್ತಾನೆಂಬುದು ಇದರಿಂದ ಸ್ಪಷ್ಟ. ತನ್ನ ಕಾಲೇಜಿನ ಮನೋವೈದ್ಯಕೀಯ ವಿಭಾಗದಲ್ಲಿ ಚೀಟಿ ಬರೆಸಿಕೊಂಡರೆ ಅಧ್ಯಾಪಕರಿಗೂ ಗೆಳೆಯರಿಗೂ ತಿಳಿದುಹೋಗುವುದೆಂಬ ಅಳುಕು ಅವನನ್ನು ತಡೆಯುತ್ತದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಮನೋರೋಗಿಯನ್ನು ದೈಹಿಕ ರೋಗಿಗೆ ಸಮಾನವಾಗಿ ಕಾಣಬೇಕೆಂದು ವಿಧಿಸಿದೆ. ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಕಾಯಿಲೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ರೋಗಿಗೆ ನೀಡಿದೆ. ಈ ಹಕ್ಕು ರೋಗಿಯಾಗಿ ಬರುವ ವಿದ್ಯಾರ್ಥಿಗೂ ಸಲ್ಲುತ್ತದೆ.

ಹೊರನಾಡಿನ ಕನ್ನಡಿಗರ ಮಟ್ಟಿಗೆ ಭಾಷೆಯ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ಕಲಬುರಗಿ, ವಿಜಯಪುರ ಕಡೆಗಳಿಂದ ದುಡಿಮೆಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋದ ಕುಟುಂಬಗಳ ಹೆಣ್ಣುಮಗಳೊಬ್ಬಳು ‘ಎದೆ ಭಾರ, ಮೈಯೆಲ್ಲ ಉರಿ, ಜೀವಕ್ಕೆ ಬೇಸರ’ ಎಂದಾಗ, ಅದರಲ್ಲಿ ಖಿನ್ನತೆಯೂ ಇರಬಹುದು, ದೈಹಿಕ ಕಾಯಿಲೆಯೂ ಇರಬಹುದು. ಜೊತೆಗೆ ಬಂದವರು ಅದನ್ನು ‘ಏನೇನೋ ಹೇಳುತ್ತಾಳೆ’ ಎಂದು ಹಿಂದಿಯಲ್ಲೋ ಮರಾಠಿಯಲ್ಲೋ ಸಂಕ್ಷೇಪಿಸಿದರೆ, ಎದುರಿಗೆ ಕುಳಿತ ಕಿರಿಯ ವೈದ್ಯನ ಪೂರ್ವಗ್ರಹಕ್ಕೆ ಪುಷ್ಟಿ ದೊರೆತಂತೆಯೇ ಸರಿ. ಆಕೆಯ ಮಾತನ್ನು ಇದ್ದ ಹಾಗೆ ಅನುವಾದಿಸಿ ಹೇಳುವುದು, ನೋವಿನ ಜಾಗವನ್ನು ಕೈಯಿಂದ ತೋರಿಸಲು ಬಿಡುವುದು, ದೇಹ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸುವುದು ಜೊತೆಗಿರುವವರು ಮಾಡಬಹುದಾದ ಕೆಲಸ. ಮೊದಲ ಸಲಹೆಯನ್ನು ಕನ್ನಡದಲ್ಲಿಯೇ ಪಡೆಯಬಯಸುವವರಿಗೆ, ಕೇಂದ್ರ ಸರ್ಕಾರವು 10 ಅಕ್ಟೋಬರ್ 2022ರಂದು ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದು ಒದಗಿಸುವ ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು.