ಯಂತ್ರ ಹೊಸದು, ಅಕ್ಷರ ಮಾಯ

2025ರ ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೆ ಇನ್ನೊಂದು ಲ್ಯಾಪ್‌ಟಾಪ್ ಬಂತು. 1999ರಿಂದೀಚೆಗೆ ನಾನು ಕೊಂಡ ಕಂಪ್ಯೂಟರುಗಳಲ್ಲಿ ಇದು ಐದನೆಯದು. ಮೊಬೈಲ್ ಫೋನುಗಳ ಲೆಕ್ಕ ಒಂಬತ್ತಕ್ಕೆ ನಿಂತಿದೆ. ಪೆಟ್ಟಿಗೆ ಬಿಚ್ಚುವ ನನ್ನ ಉತ್ಸಾಹವನ್ನು ಕಂಡು ಪತ್ನಿ, ‘ಮಗಳ ಮದುವೆಗೆ ಜವಳಿ ತೆಗೆಯುವಾಗಲೂ ನಿಮಗೆ ಇಷ್ಟು ಸಡಗರ ಇರಲಿಲ್ಲ’ ಎಂದಳು. ಆ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಹೊಸ ಯಂತ್ರಗಳ ಮೋಹ ನನ್ನನ್ನು ನಿವೃತ್ತಿಯ ನಂತರವೂ ಬಿಟ್ಟಿಲ್ಲ.

ಅಂದು ಸಂಜೆ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತು, ‘ತಾತ, ಮುತ್ತಜ್ಜಿ ಹೇಳಿದ್ದನ್ನೆಲ್ಲ ನೀವು ಟೈಪ್ ಮಾಡಿ ಇಟ್ಟಿದ್ದೀರಂತೆ, ತೋರಿಸಿ’ ಎಂದಳು. 2004ರಲ್ಲಿ, ಎಂಬತ್ತು ದಾಟಿದ್ದ ನನ್ನ ತಾಯಿ ಹಲವು ಸಂಜೆಗಳು ಹೇಳಿದ್ದನ್ನು ನಾನು ಬೆರಳಚ್ಚಿಸಿದ್ದೆ. ಯಾವ ಬರಗಾಲದಲ್ಲಿ ಯಾವ ಹೊಲ ಕೈಬಿಟ್ಟಿತು, ಯಾರ ಮನೆಯಿಂದ ಎಷ್ಟು ಸೇರು ರಾಗಿ ಕಡ ತಂದದ್ದು, ಬಾಣಂತಿಗೆ ಯಾವ ಮದ್ದು, ಬೀಸುವಾಗ ಯಾವ ಹಾಡು ಎಂಬುದೆಲ್ಲ ಅದರಲ್ಲಿತ್ತು. ಅಮ್ಮ 2009ರಲ್ಲಿ ತೀರಿಕೊಂಡರು. ಆ ಬರಹವನ್ನು ಒಮ್ಮೆಯೂ ಮುದ್ರಿಸಿಕೊಂಡಿರಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ.

ಕಡತ ತೆರೆಯಿತು. ಕನ್ನಡದ ಒಂದಕ್ಷರವೂ ಇರಲಿಲ್ಲ. ತಲೆಯ ಮೇಲೆ ಚುಕ್ಕಿ, ಟೋಪಿಗಳನ್ನು ಹೊತ್ತ ರೋಮನ್ ಅಕ್ಷರಗಳು ಪುಟದ ತುಂಬ ಚೆಲ್ಲಿಕೊಂಡಿದ್ದವು. ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಇದು ಯಾರೋ ಮಾಡಿದ ಮೋಸವಲ್ಲ. ಆಗಿನ ಕನ್ನಡ ತಂತ್ರಾಂಶಗಳ ಬಹುಪಾಲು ಬರಹಗಳು, ಕಂಪ್ಯೂಟರು ರೋಮನ್ ಲಿಪಿಗೆಂದು ಕಾದಿರಿಸಿದ್ದ ಸಂಖ್ಯೆಗಳನ್ನೇ ಬಳಸಿಕೊಂಡು, ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಫಾಂಟಿನ ಮೂಲಕ ತೊಡಿಸುತ್ತಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ, ‘ಅ’ ಎಂಬುದು ಯಾವ ಯಂತ್ರದಲ್ಲಿಯೂ ‘ಅ’ ಎಂದೇ ಉಳಿಯುತ್ತದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಸೇರಿದ್ದರೂ, ನಮ್ಮ ಮನೆ, ಕಚೇರಿಗಳ ಬಳಕೆಗೆ ಅದು ಬಂದದ್ದು ಬಹಳ ತಡವಾಗಿ. ‘ನುಡಿ’, ‘ಬರಹ’ದಂತಹ ತಂತ್ರಾಂಶಗಳು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಆ ದಿನಗಳಲ್ಲಿ ನನ್ನಂಥವರು ಕನ್ನಡದಲ್ಲಿ ಒಂದು ಸಾಲನ್ನೂ ಬೆರಳಚ್ಚಿಸುತ್ತಿರಲಿಲ್ಲ ಎಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು.

ಕಂದಾಯ ಇಲಾಖೆಯಲ್ಲಿದ್ದಾಗ ‘ಭೂಮಿ’ ಯೋಜನೆಯ ಆರಂಭವನ್ನು ಹತ್ತಿರದಿಂದ ಕಂಡವನು ನಾನು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಹೋಗಿ, ಹದಿನೈದು ರೂಪಾಯಿ ಕೊಟ್ಟ ರೈತನ ಕೈಗೆ ಕಂಪ್ಯೂಟರಿನ ಮುದ್ರಿತ ಪ್ರತಿ ಬಂದಾಗ ಯಂತ್ರದ ಮೇಲೆ ನನಗೆ ಹುಟ್ಟಿದ ನಂಬಿಕೆ ಇಂದಿಗೂ ಅಳಿದಿಲ್ಲ. ಆದರೆ ಅಲ್ಲಿ ದಾಖಲೆಯನ್ನು ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಿಸುವ ಹೊಣೆ ಹೊತ್ತ ಒಂದು ವ್ಯವಸ್ಥೆಯೇ ಇತ್ತು. ಮನೆಯಲ್ಲಿ ಆ ಹೊಣೆ ಯಾರದ್ದು ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಕಂಪ್ಯೂಟರ್ ಯುಗ ಎಲ್ಲೆಡೆ ಕಾಣುತ್ತಿದ್ದರೂ ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುತ್ತಿಲ್ಲ ಎಂಬರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲಿ ಆಡಿದ್ದರು. ಅವರ ಪ್ರಶ್ನೆ ಲಾಭವನ್ನು ಕುರಿತದ್ದು. ಗೃಹಸ್ಥನಾದ ನನ್ನ ಪ್ರಶ್ನೆ ವೆಚ್ಚವನ್ನು ಕುರಿತದ್ದು. ಅರ್ಥಶಾಸ್ತ್ರದ ಪಾಠದಲ್ಲಿ ‘ಸವಕಳಿ’ ಎಂದರೆ ಬಳಸಿ ಬಳಸಿ ಯಂತ್ರ ಸವೆಯುವುದು. ನನ್ನ ಖರ್ಚಿನ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. ಹಿಂದಿನ ನಾಲ್ಕು ಕಂಪ್ಯೂಟರುಗಳಲ್ಲಿ ನಿಜವಾಗಿ ಕೆಟ್ಟದ್ದು ಒಂದೇ. ಎಂಟು ಫೋನುಗಳಲ್ಲಿ ಒಂದು ನೀರಿಗೆ ಬಿತ್ತು, ಒಂದು ಬಸ್ಸಿನಲ್ಲಿ ಕಳೆಯಿತು, ಉಳಿದ ಆರು ಕೈಬಿಡುವ ದಿನದವರೆಗೂ ಕೆಲಸ ಮಾಡುತ್ತಲೇ ಇದ್ದವು. ಈಚಿನ ಲ್ಯಾಪ್‌ಟಾಪನ್ನೇ ನೋಡಿ. ಅದರ ಮೂಲ ತಂತ್ರಾಂಶಕ್ಕೆ ಭದ್ರತಾ ಪರಿಷ್ಕರಣೆ ನಿಂತಿತು, ಹೊಸ ಆವೃತ್ತಿಗೆ ಅದರ ಪ್ರೊಸೆಸರ್ ಹಳತಾಯಿತು. ಯಂತ್ರ ಸವೆಯಲಿಲ್ಲ, ಅದನ್ನು ಹಳತೆಂದು ಘೋಷಿಸಲಾಯಿತು.

ಲಾಭವೇ ಇಲ್ಲವೆಂದರೆ ಅನ್ಯಾಯವಾದೀತು. 2003ರ ಮೇ ತಿಂಗಳಿಗೆ ಮುಂಚೆ ಮೊಬೈಲಿಗೆ ಬಂದ ಕರೆಗೂ ನಾವೇ ಹಣ ತೆರುತ್ತಿದ್ದೆವು. ಇಂದು ಹಳ್ಳಿಯ ಸೊಪ್ಪಿನವಳಿಗೂ ಫೋನಿನಿಂದಲೇ ಹಣ ಸಲ್ಲುತ್ತದೆ. 1.44 ಎಂ.ಬಿ. ಹಿಡಿಸುತ್ತಿದ್ದ ಫ್ಲಾಪಿಯ ಲೆಕ್ಕದಲ್ಲಿ, ನನ್ನ ಜೇಬಿನಲ್ಲಿರುವ 128 ಜಿ.ಬಿ. ಫೋನು ಸುಮಾರು 88 ಸಾವಿರ ಫ್ಲಾಪಿಗಳಿಗೆ ಸಮ. ಜಾಗಕ್ಕೆ ಬರವಿಲ್ಲ, ಬಾಳಿಕೆಗೆ ಬರ.

ಅಮ್ಮನ ಕಡತಕ್ಕೆ ಮರಳುತ್ತೇನೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಅವುಗಳ ನೆರವಿನಿಂದ ಮೂವತ್ತೈದು ಪುಟಗಳು ಮರಳಿ ಕನ್ನಡವಾದವು. ಕೆಲವು ಒತ್ತಕ್ಷರಗಳನ್ನು ಕೈಯಾರೆ ತಿದ್ದಬೇಕಾಯಿತು, ಅಷ್ಟೆ. ಆದರೆ ಕೊನೆಯ ಏಳು ಪುಟಗಳನ್ನು ಅಕ್ಕನ ಮನೆಯಲ್ಲಿ ಬೆರಳಚ್ಚಿಸಿ ಪ್ರತ್ಯೇಕ ಫ್ಲಾಪಿಯಲ್ಲಿ ಇಟ್ಟಿದ್ದೆ. ಅದನ್ನು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದೆ. ಕಿರಿದಾದ ಮಹಡಿಯಂಗಡಿಯೊಂದರಲ್ಲಿ ತರುಣನೊಬ್ಬ ಹಳೆಯ ಫ್ಲಾಪಿ ಡ್ರೈವ್ ಹುಡುಕಿ ತೆಗೆದು, ಮೂರು ಸಲ ಪ್ರಯತ್ನಿಸಿ, ಒಳಗಿನ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ‘ಬೂಷ್ಟು ಹಿಡಿದುಬಿಟ್ಟಿದೆ ಸಾರ್, ಏನೂ ಓದಲ್ಲ’ ಎಂದ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಆ ಏಳು ಪುಟಗಳಲ್ಲಿ ಅಮ್ಮನ ಹಾಡುಗಳಿದ್ದವು. ಅವನ್ನು ಇನ್ನೊಮ್ಮೆ ಹೇಳಿಸಿಕೊಳ್ಳಲು ಈಗ ಅಕ್ಕನೂ ಇಲ್ಲ.

ಸರ್ಕಾರಗಳು ಈ ವಿಷಯದಲ್ಲಿ ಪೂರ್ತಿ ನಿದ್ರಿಸುತ್ತಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು 2022ರಲ್ಲಿ ಸಮಿತಿ ರಚಿಸಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೆಯ ಸಾಧನಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಇವೆಲ್ಲ ಯಂತ್ರದ ದೇಹವನ್ನು ಕುರಿತ ಕಾಳಜಿ. ಅದರೊಳಗೆ ನಾವು ನಂಬಿ ಇಟ್ಟ ಬರಹವನ್ನು ಕುರಿತೂ ಅಷ್ಟೇ ಕಾಳಜಿ ಬೇಕು. ಹಳೆಯ ಫಾಂಟುಗಳಲ್ಲಿರುವ ಆದೇಶ, ನಡಾವಳಿಗಳನ್ನು ಪ್ರತಿಯೊಂದು ಕಚೇರಿಯೂ ಒಂದು ಕಾಲಮಿತಿಯೊಳಗೆ ಯೂನಿಕೋಡಿಗೆ ತರಬೇಕು. ಅವನ್ನು ಬಲ್ಲ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ.

ನನ್ನ ವಯಸ್ಸಿನ ಓದುಗರಲ್ಲಿ ಒಂದು ವಿನಂತಿ. ಬೀರುವಿನ ಮೂಲೆಯಲ್ಲಿ ಹಳೆಯ ಫ್ಲಾಪಿ, ಸಿ.ಡಿ., ಚಾರ್ಜರ್ ಕಳೆದುಹೋದ ಫೋನು ಇದ್ದರೆ ಈ ವಾರವೇ ಹೊರತೆಗೆಯಿರಿ. ಓದಲು ಬರುವಷ್ಟನ್ನು ಹೊಸ ಯಂತ್ರಕ್ಕೆ ದಾಟಿಸಿ, ಮುಖ್ಯವಾದುದನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಅಮ್ಮನ ಮೂವತ್ತೈದು ಪುಟಗಳನ್ನು ಮುದ್ರಿಸಿ, ಹೊಲಿಗೆ ಹಾಕಿಸಿ ಮೊಮ್ಮಗಳ ಕೈಗೆ ಕೊಟ್ಟಿದ್ದೇನೆ. ಅದನ್ನು ಓದಲು ಅವಳಿಗೆ ಯಾವ ಚಾರ್ಜರೂ ಬೇಕಾಗಿಲ್ಲ.