ಅರಳೆಪೇಟೆಯ ನಾಣ್ಯದ ಡಬ್ಬಿ

ಕಾಟನ್‌ಪೇಟೆಯನ್ನು ಹಿರಿಯರೆಲ್ಲ ಅರಳೆಪೇಟೆಯೆಂದೇ ಕರೆಯುತ್ತಿದ್ದ ಕಾಲದಲ್ಲಿ ನಮ್ಮ ತಾತನವರು ಅಲ್ಲಿಯ ಹತ್ತಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ವಸೂಲಿಯನ್ನು ಎಣಿಸುವಾಗ ಅಪೂರ್ವವಾದ ಕಾಸೊಂದು ಕಣ್ಣಿಗೆ ಬಿದ್ದರೆ, ಅದರ ಬೆಲೆಯನ್ನು ತಮ್ಮ ಜೇಬಿನಿಂದ ಗಲ್ಲಾಪೆಟ್ಟಿಗೆಗೆ ಹಾಕಿ, ಆ ಕಾಸನ್ನು ಉತ್ತರೀಯದ ಸೆರಗಿನಲ್ಲಿ ಗಂಟುಹಾಕಿಕೊಂಡು ಮನೆಗೆ ತರುತ್ತಿದ್ದರಂತೆ. ಹೀಗೆ ಒಂದೊಂದಾಗಿ ಕೂಡಿದ ನೂರಕ್ಕೆ ಮೇಲ್ಪಟ್ಟ ನಾಣ್ಯಗಳು, ನಂಜನಗೂಡು ಹಲ್ಲುಪುಡಿಯ ಎರಡು ಡಬ್ಬಿಗಳಲ್ಲಿ ಅಡಗಿಕೊಂಡು, ಅವರಿಂದ ತಂದೆಯವರಿಗೂ ತಂದೆಯವರಿಂದ ನನಗೂ ಬಂದುವು. ಒಂದೊಂದು ನಾಣ್ಯವೂ ಹಳೆಯ ಲೆಕ್ಕದ ಹಾಳೆಯ ಚೂರಿನಲ್ಲಿ ಪೊಟ್ಟಣವಾಗಿತ್ತು. ಪೊಟ್ಟಣದ ಮೇಲೆ ಅದು ದೊರೆತ ಸ್ಥಳ, ಕೊಟ್ಟ ಬೆಲೆ, ಕೆಲವುಗಳ ಮೇಲೆ ಕೊಟ್ಟವನ ಕಸುಬು, ಗುಮಾಸ್ತರ ಆ ಒತ್ತೊತ್ತಾದ ಅಕ್ಷರಗಳಲ್ಲಿ ಬರೆದಿತ್ತು.

ಇಂತಹ ಡಬ್ಬಿ ಕೈಗೆ ಬಂದ ಮನೆಗಳಲ್ಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಇದಕ್ಕೆಷ್ಟು ಬಂದೀತು ಎಂಬುದು. ಅದು ನ್ಯಾಯವಾದ ಪ್ರಶ್ನೆಯೇ, ಆದರೆ ಮೊದಲನೆಯದಲ್ಲ. ಪೊಟ್ಟಣವನ್ನು ನಾಣ್ಯದಿಂದ ಅಗಲಿಸದಿರುವುದು ಮೊದಲನೆಯ ಕರ್ತವ್ಯ; ನಾಣ್ಯವನ್ನು ತೊಳೆಯದಿರುವುದು ಎರಡನೆಯದು. ಎರಡನೆಯದರಲ್ಲಿ ನಾನು ತಪ್ಪಿದವನು. ಹನ್ನೆರಡರ ವಯಸ್ಸಿನಲ್ಲಿ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮನೆಯ ಹಂಡೆಯನ್ನು ಬೆಳಗುತ್ತಿದ್ದ ಉತ್ಸಾಹದಲ್ಲಿ, ಹತ್ತು ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಹೊಸ ತಂಬಿಗೆಯಂತೆ ಹೊಳೆಯಿಸಿ, ತಂದೆಯವರಿಗೆ ತೋರಿಸಿದೆ. ಅವರು ಮಾತಾಡಲಿಲ್ಲ. ತಾಮ್ರವು ಗಾಳಿಯೊಡನೆ ನೂರಾರು ವರ್ಷ ಬಾಳಿ ಹೊದೆದುಕೊಂಡ ಆ ಕಂದು ಪೊರೆ ಕೊಳೆಯಲ್ಲ, ಲೋಹವನ್ನು ಕಾಯುವ ಚರ್ಮ. ಅದನ್ನು ಸುಲಿದರೆ ಅಕ್ಷರಗಳ ಅಂಚೂ ಸವೆಯುತ್ತದೆ, ಬಣ್ಣವೂ ಮರಳಿ ಬರುವುದಿಲ್ಲ. ಬಲ್ಲ ವ್ಯಾಪಾರಿ ಅಂತಹ ಕಾಸನ್ನು ನೋಡಿದೊಡನೆಯೇ ಪಕ್ಕಕ್ಕೆ ಸರಿಸುತ್ತಾನೆ. ಆ ಹತ್ತು ಕಾಸುಗಳು ಇಂದಿಗೂ ಡಬ್ಬಿಯಲ್ಲಿವೆ, ಉಳಿದವುಗಳ ನಡುವೆ ಬೇರೆಯಾಗಿ ಕಾಣುತ್ತ.

ಬೆಲೆಯ ವಿಚಾರ. ನಮ್ಮ ಪೇಟೆಯ ಮನೆಗಳ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಕ್ಕುವುವು ರಾಣಿಯ ರೂಪಾಯಿ, ರಾಜನ ರೂಪಾಯಿಗಳು. ಅವುಗಳ ತೂಕ ಒಂದು ತೊಲ, ಎಂದರೆ 11.66 ಗ್ರಾಮು, ನೂರಕ್ಕೆ ತೊಂಬತ್ತೊಂದು ಪಾಲಿಗಿಂತ ಹೆಚ್ಚು ಬೆಳ್ಳಿ. 1940ರಿಂದ ಈ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹುಲಿಯ ರೂಪಾಯಿಗೆ ಬರುವ ಹೊತ್ತಿಗೆ ಬೆಳ್ಳಿಯೇ ಇಲ್ಲದೆ ನಿಕ್ಕಲ್ ಆಯಿತು. ಆದುದರಿಂದ ನಾಗರ್ತಪೇಟೆಯ ಯಾವ ಅಕ್ಕಸಾಲೆಯ ತಕ್ಕಡಿಯಾದರೂ ತಳಮಟ್ಟದ ಬೆಲೆಯನ್ನು ಹೇಳಬಲ್ಲುದು. ಅದರಿಂದ ಮೇಲಿನದನ್ನು ಹೇಳುವುವು ಇಸವಿ, ಸವೆತ, ಮತ್ತು ಸರಕ್ಕೆ ಪೋಣಿಸಲು ಬೆಸೆದಿದ್ದ ಕಿವಿಯ ಗುರುತು ಇದೆಯೇ ಎಂಬುದು. ಇಸವಿಯನ್ನು ಓದುವುದರಲ್ಲಿಯೂ ಎಚ್ಚರ ಬೇಕು. 1862 ಎಂದು ಅಚ್ಚಾದ ರೂಪಾಯಿಗಳನ್ನು 1874ರವರೆಗೂ ಅದೇ ಇಸವಿಯಲ್ಲಿ ಒತ್ತುತ್ತಿದ್ದರಾಗಿ, ಅದರಲ್ಲಿ ವಿರಳವೆಂಬುದೇನಿಲ್ಲ. 1911ರ ಐದನೆಯ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಣ ಪುಟ್ಟ ಆನೆಯು ಹಂದಿಯಂತೆ ಕಂಡು ಜನ ಅಸಮಾಧಾನಪಟ್ಟುದರಿಂದ ಸರಕಾರ ಅದನ್ನು ಹಿಂತೆಗೆದು, ಮರುವರ್ಷ ಸೊಂಡಿಲನ್ನು ತಿದ್ದಿ ಒತ್ತಿಸಿತು. ಹಾಗೆ ಉಳಿದುಹೋದ 1911ಕ್ಕೆ ಬೇಡಿಕೆಯಿದೆ. 1939ರ ರೂಪಾಯಿಯಂತೂ ಬಹು ದುರ್ಲಭ. ಅದರಿಂದಲೇ 1938ರ ಕೊನೆಯ ಅಂಕವನ್ನು ಕೊರೆದು ಒಂಬತ್ತನ್ನಾಗಿ ಮಾಡುವ ಕೈಗಳೂ ಇವೆ. ಭೂತಗನ್ನಡಿಯಿಲ್ಲದೆ ಅದನ್ನು ಕೊಳ್ಳತಕ್ಕದ್ದಲ್ಲ.

ದೇವರ ಪೆಟ್ಟಿಗೆಯಲ್ಲಿ ಭಕ್ತಿಯಿಂದ ಇಟ್ಟಿರುವ, ಒಂದು ಮುಖದಲ್ಲಿ ರಾಮಪಟ್ಟಾಭಿಷೇಕವೂ ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪನಿ 1818 ಎಂಬ ಬರಹವೂ ಇರುವ ಬಿಲ್ಲೆಗಳ ಮಾತನ್ನೂ ಇಲ್ಲಿ ಹೇಳಬೇಕು. ಅವನ್ನು ಕಂಪನಿಯು ಎಂದೂ ಹೊಡೆಯಿಸಲಿಲ್ಲ. ಪೂಜೆಯ ವಸ್ತುವಾಗಿ ಅವುಗಳ ಗೌರವ ಅವುಗಳಿಗುಂಟು. ಆದರೆ ಅವು ಲಕ್ಷಗಟ್ಟಲೆ ಬೆಲೆಬಾಳುತ್ತವೆಂಬ ಮಾತನ್ನು ನಂಬಿ ಮೋಸಹೋದವರನ್ನು ನಾನು ಕಂಡಿದ್ದೇನೆ. ಹಳೆಯ ನಾಣ್ಯಕ್ಕೆ ಹಣ ಕೊಡಿಸುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಕೇಳುವವರ ವಿಷಯವಾಗಿ ಆ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಿದೆ.

ಆದರೆ ನಮ್ಮ ಡಬ್ಬಿಯ ಜೀವವಿದ್ದುದು ರೂಪಾಯಿಗಳಲ್ಲಲ್ಲ, ಕೆಳಗಡೆ ಕೂತಿದ್ದ ಮೈಸೂರಿನ ತಾಮ್ರದಲ್ಲಿ. ತೂಕದಿಂದ ಅಳೆದರೆ ಅವು ನಿಕೃಷ್ಟ. ಟೀಪು ಸುಲ್ತಾನನ ಪೈಸೆಯ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಅಕ್ಷರಗಳಲ್ಲಿ ಟಂಕಸಾಲೆಯ ಹೆಸರು. ಅದನ್ನು ಓದಲಾರದೆ ಕಷ್ಟಪಡುತ್ತಿದ್ದಾಗ, ಕರಗವು ಬಂದು ನಿಂತು ಹೋಗುವ ತವಕ್ಕಲ್ ಮಸ್ತಾನ್ ದರ್ಗಾದ ಹಿಂದಿನ ಗಲ್ಲಿಯಲ್ಲಿದ್ದ ವೃದ್ಧ ಉರ್ದು ಉಪಾಧ್ಯಾಯರೊಬ್ಬರು ನನಗೆ ಅಕ್ಷರಾಭ್ಯಾಸ ಮಾಡಿಸಿದರು. ನಾನು 2221 ಎಂದು ಓದಿ ಬೆಚ್ಚಿದ ಇಸವಿ ನಿಜವಾಗಿ 1222. ಸುಲ್ತಾನನು ತಾನು ಜಾರಿಗೆ ತಂದ ಮೌಲೂದಿ ಶಕದ ಅಂಕಗಳನ್ನು ಬಲದಿಂದ ಎಡಕ್ಕೆ ಬರೆಯಿಸುತ್ತಿದ್ದನು. ತನ್ನ ತಾಮ್ರಕ್ಕೆ ಅವನಿಟ್ಟ ಹೆಸರುಗಳೂ ಆಕಾಶದವೇ: ಪೈಸೆಗೆ ಜೊಹ್ರಾ, ಎಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್, ಎಂದರೆ ಮಂಗಳ, ಕಾಲಿಗೆ ನಕ್ಷತ್ರವೆಂಬರ್ಥದ ಅಖ್ತರ್, ಅದರರ್ಧಕ್ಕೆ ಧ್ರುವನ ಹೆಸರಾದ ಕುತುಬ್. ಅಂಗೈಯಲ್ಲಿ ಈ ನಾಲ್ಕನ್ನೂ ಸಾಲಾಗಿಟ್ಟುಕೊಂಡು ನೋಡುವಾಗ ಆಗುವ ಸಂತೋಷಕ್ಕೆ ಬೆಲೆ ಕಟ್ಟುವುದು ಕಷ್ಟ.

1799ರಲ್ಲಿ ರಾಜ್ಯ ಒಡೆಯರ ಮನೆಗೆ ಮರಳಿತು. ಆನೆ ಮಾತ್ರ ನಾಣ್ಯದ ಮೇಲೆ ಹಾಗೆಯೇ ಉಳಿಯಿತು. ಮುಮ್ಮಡಿ ಕೃಷ್ಣರಾಜರ ಕಾಸಿನಲ್ಲಿ ಅದರ ಬೆನ್ನ ಮೇಲುಗಡೆ ಸೂರ್ಯಚಂದ್ರರೂ ಶ್ರೀಕಾರವೂ ಬಂದುವು. ಆಮೇಲೆ ಆನೆಯ ಸ್ಥಾನದಲ್ಲಿ ಸಿಂಹ. ಶ್ರೀ ಚಾಮುಂಡಿಯ ಹೆಸರು, ‘ಮಯಿಲಿ ಕಾಸು’ ಎಂಬ ಕನ್ನಡದ ಬರಹ, ಜೊತೆಗೆ ಪಾರಸಿಯೂ ಇಂಗ್ಲಿಷೂ, ಹೀಗೆ ಮೂರು ಲಿಪಿಗಳು ಒಂದೇ ಚೂರು ತಾಮ್ರದ ಮೇಲೆ ಒತ್ತರಿಸಿಕೊಂಡು ಕುಳಿತಿವೆ; 1843ರೊಡನೆ ಈ ಸಾಲು ಮುಗಿಯಿತು. ದೊರೆಗಳು ಬದಲಾದರೂ ಚಿತ್ರ ಬದಲಾಗದೆ ಉಳಿಯುವುದು ನಮ್ಮ ನಾಡಿನ ನಾಣ್ಯಗಳ ಒಂದು ವಿಶೇಷ. ಹೈದರನೂ ಇಕ್ಕೇರಿಯ ವರಹದ ಮೇಲಿದ್ದ ಶಿವಪಾರ್ವತಿಯರನ್ನು ತೆಗೆಯದೆ, ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಹಾಕಿಸಿದನು. ಅಕ್ಷರವರಿಯದ ಸಂತೆಯ ಜನ ಚಿತ್ರವನ್ನು ನೋಡಿಯೇ ಹಣವನ್ನು ನಂಬುತ್ತಿದ್ದುದರಿಂದ ಹೀಗಾಗಿರಬೇಕೆಂದು ನನ್ನ ಊಹೆ.

ಸಂಗ್ರಹವನ್ನು ಬೆಳೆಸಬೇಕೆಂಬ ಆಸೆ ಹುಟ್ಟಿದಾಗ, ಮೊದಲ ಕೆಲವು ವರ್ಷ ಕಂಡುದನ್ನೆಲ್ಲ ಕೊಂಡೆ. ಚೀನದ ಚೌಕತೂತಿನ ಕಾಸು, ಹೈದರಾಬಾದಿನ ಚಾರ್ಮಿನಾರು, ಯಾವುದನ್ನೂ ಬಿಡಲಿಲ್ಲ. ಅದರಿಂದ ಡಬ್ಬಿ ತುಂಬಿತೇ ಹೊರತು ಸಂಗ್ರಹ ಬೆಳೆಯಲಿಲ್ಲ. ತಾತನವರ ಪೊಟ್ಟಣಗಳನ್ನು ಒಂದು ದಿನ ನೆಲದ ಮೇಲೆ ಹರಡಿ, ಎಲ್ಲ ಬರಹಗಳನ್ನೂ ಒಟ್ಟಿಗೆ ಓದಿದಾಗ, ಅವರು ಮೈಸೂರಿನ ಇಪ್ಪತ್ತು ಕಾಸು, ಹತ್ತು ಕಾಸು, ಐದು ಕಾಸುಗಳನ್ನು ಕ್ರಮವಾಗಿ ಅರಸುತ್ತಿದ್ದರೆಂಬುದು ಹೊಳೆಯಿತು. ಅಂದಿನಿಂದ ಉಳಿದುದನ್ನೆಲ್ಲ ಬಿಟ್ಟು ಆ ದಾರಿಯಲ್ಲಿಯೇ ನಡೆದಿದ್ದೇನೆ. ಆಸಕ್ತರಿಗೆ ನಾನು ಹೇಳುವುದೂ ಇದನ್ನೇ: ಕೊಳ್ಳುವುದಕ್ಕೆ ಮುಂಚೆ ಓದಿರಿ. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟೀಪುವಿನ ನಾಣ್ಯಗಳ ಮೇಲೆ ಬರೆದ ಗ್ರಂಥವೂ, ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು 1975ರಲ್ಲಿ ಪ್ರಕಟಿಸಿದ ಗ್ರಂಥವೂ ಒಂದು ಹಿಡಿ ನಾಣ್ಯಕ್ಕಿಂತ ಹೆಚ್ಚಿನ ಆಸ್ತಿ.

ಪೊಟ್ಟಣಗಳನ್ನು ಈಗ ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ, ನಾಣ್ಯದ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಅಗ್ಗದ ಪ್ಲಾಸ್ಟಿಕ್ ಆಲ್ಬಮ್ಮುಗಳು ಮಳೆಗಾಲದಲ್ಲಿ ಬೆವತು ತಾಮ್ರಕ್ಕೆ ಹಸುರು ಅಂಟನ್ನು ಹಿಡಿಸುತ್ತವೆ. ಹೊರದೇಶದಲ್ಲಿ ನೆಲೆಸಿದ ಮಕ್ಕಳಿಗೆ ಪಾಲು ಕಳುಹಿಸುವವರು, ನೂರು ವರ್ಷ ದಾಟಿದ ನಾಣ್ಯವು 1972ರ ಕಾಯಿದೆಯಂತೆ ಪುರಾತನ ವಸ್ತುವೆಂಬುದನ್ನೂ, ಅದನ್ನು ದೇಶದಾಚೆಗೆ ಒಯ್ಯಲು ಅವಕಾಶವಿಲ್ಲವೆಂಬುದನ್ನೂ ತಿಳಿದಿರಬೇಕು.

ಎಲ್ಲವನ್ನೂ ತೂಗಿ, ಓದಿ, ಪಟ್ಟಿಮಾಡಿದ ಮೇಲೆ ಒಂದೇ ಒಂದು ಕಾಸು ಮಿಕ್ಕಿದೆ. ಅಚ್ಚು ಪಕ್ಕಕ್ಕೆ ಸರಿದು ಬಿದ್ದುದರಿಂದ ಅದರಲ್ಲಿ ಆನೆಯ ಬಾಲವೂ ಒಂದು ಹಿಂಗಾಲೂ ಮಾತ್ರ ಉಳಿದಿವೆ. ಹಿಂಬದಿ ಬಹುಮಟ್ಟಿಗೆ ನುಣುಪು. ಪೊಟ್ಟಣದ ಮೇಲೆ ಬೆಲೆಯಿಲ್ಲ, ‘ಧರ್ಮಾಂಬುಧಿ ಕೆರೆಯ ಅಂಗಳ, ಮಳೆಯ ಮಾರನೆಯ ದಿನ’ ಎಂದಷ್ಟೇ ಇದೆ. ಆ ಕೆರೆಯ ಅಂಗಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ರಾತ್ರಿ ದೀಪವನ್ನು ಓರೆಯಾಗಿ ಹಿಡಿದು ಆ ಕಾಸನ್ನು ತಿರುಗಿಸುತ್ತಿರುತ್ತೇನೆ. ಹೋದ ವಾರ ಅಂಚಿನ ಹತ್ತಿರ ಪಾರಸಿಯ ಒಂದು ಅಕ್ಷರದ ಬಾಗು ಕಂಡಂತಾಯಿತು, ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.